ತಗಡಿನ ಕವಚದೊಳಗಿನ ಹತ್ತಿ

ಹರಿಹರದ ಹೊಳೆದಂಡೆಯಲ್ಲಿ ಓಡುವ ದವಾಖಾನೆಗೆ ಬೆಂಕಿ ಬಿದ್ದದ್ದು ಕಂಪೌಂಡರ್ ರುದ್ರಪ್ಪನ ತಪ್ಪಿನಿಂದಲ್ಲ. ನನ್ನ ತಪ್ಪಿನಿಂದ. ಅದು ನನಗೆ ಅವತ್ತೇ ಗೊತ್ತಿತ್ತು. ಅವತ್ತೇನು — ಅದಕ್ಕೂ ನಾಲ್ಕು ದಿನ ಮೊದಲೇ ಗೊತ್ತಾಗಬೇಕಿತ್ತು, ಗೊತ್ತಾಗದ ಹಾಗೆ ನೋಡಿಕೊಂಡೆ. ಹನ್ನೆರಡು ವರ್ಷ ಈ ಮಾತನ್ನು ಬಾಯಲ್ಲಿ ಇಟ್ಟುಕೊಂಡೇ ಊಟ ಮಾಡಿದ್ದೇನೆ, ಎಲೆ ಅಡಿಕೆ ಹಾಕಿದ್ದೇನೆ, ಕಂಡವರಿಗೆಲ್ಲ ಬುದ್ಧಿ ಹೇಳಿದ್ದೇನೆ. ಬಾಯಿ ಎಷ್ಟು ಭದ್ರವಾದ ಪೆಟ್ಟಿಗೆ ಎಂದು ಈಗ ಆಶ್ಚರ್ಯವಾಗುತ್ತದೆ.

ನಾನು ದಾವಣಗೆರೆಯಲ್ಲಿ ಸ್ಟೋವು, ಗ್ಯಾಸ್‌ಲೈಟು ರಿಪೇರಿ ಮಾಡುವ ಮಿಸ್ತ್ರಿ. ಅಂಗಡಿಯ ಹಲಗೆಯ ಮೇಲೆ ‘ಸಕಲ ಅಗ್ನಿಯಂತ್ರಗಳ ಚಿಕಿತ್ಸಾಲಯ’ ಎಂದು ನಾನೇ ಬರೆಸಿದ್ದೆ. ಓದಿದವರು ನಗುತ್ತಿದ್ದರು, ನಾನು ನಗುತ್ತಿರಲಿಲ್ಲ. ಬೆಂಕಿಯ ವಿಷಯದಲ್ಲಿ ಈ ಊರಿನಲ್ಲಿ ನನ್ನ ಮಾತಿಗೆ ಎದುರು ಮಾತಿಲ್ಲ ಎಂಬ ಭಾವನೆ ನನಗಿತ್ತು. ಕೆಟ್ಟದ್ದೇನೆಂದರೆ, ಊರಿಗೂ ಇತ್ತು.

ಆ ಕಾಲದಲ್ಲಿ ನಮ್ಮೂರ ಹತ್ತಿ ಸಾಹುಕಾರರೊಬ್ಬರು ತೀರಿಹೋದ ತಮ್ಮ ತಾಯಿಯ ಹೆಸರಿನಲ್ಲಿ ಒಂದು ವ್ಯಾನು ಮಾಡಿಸಿ ಹಳ್ಳಿಗಳಿಗೆ ಬಿಟ್ಟರು. ಒಳಗೆ ಒಂದು ಮಂಚ, ಔಷಧಿಯ ಕಪಾಟು, ಡಾಕ್ಟರು ಕೂರುವ ಕುರ್ಚಿ, ಮತ್ತು ಹಿಂಬದಿಯಲ್ಲಿ ಸೀಮೆಎಣ್ಣೆಯ ಮೇಲೆ ನಡೆಯುವ ಒಂದು ರೆಫ್ರಿಜರೇಟರು. ಸೋಮವಾರ ಆನಗೋಡು, ಗುರುವಾರ ಹರಿಹರದ ಹೊಳೆದಂಡೆ, ಹೀಗೆ ತಿರುಗುತ್ತಿತ್ತು. ಔಷಧಿ ಕೊಡುವುದು, ಸೂಜಿ ಕುದಿಸುವುದು, ಆ ಪೆಟ್ಟಿಗೆಯ ದೀಪ ನೋಡಿಕೊಳ್ಳುವುದು ರುದ್ರಪ್ಪನ ಕೆಲಸ. ಬೆರಳು ಉದ್ದವಾಗಿದ್ದ, ಮಾತು ಕಡಿಮೆಯ ಮನುಷ್ಯ. ಅವನು ಸೂಜಿ ಚುಚ್ಚಿದರೆ ಮಕ್ಕಳು ಅಳುವುದನ್ನು ಮರೆತು ಅವನ ಕೈಯನ್ನೇ ನೋಡುತ್ತಿದ್ದವು.

ಕೆಳಗೆ ದೀಪ ಹಚ್ಚಿದರೆ ಒಳಗೆ ಮಂಜುಗಡ್ಡೆ ಕಟ್ಟುವ ಪೆಟ್ಟಿಗೆ! ಮೊದಲ ವಾರ ಜನ ರೋಗ ತೋರಿಸಲು ಬಂದರೋ ಪೆಟ್ಟಿಗೆ ನೋಡಲು ಬಂದರೋ ಹೇಳುವುದು ಕಷ್ಟ. ಆದರೆ ಅದರಲ್ಲಿ ಮಾಯೆಯೇನೂ ಇಲ್ಲ. ಹಿಂದೆ ಒಂದು ಸಣ್ಣ ಬಾಯ್ಲರು, ಅದರಲ್ಲಿ ಅಮೋನಿಯಾ ಬೆರೆತ ನೀರು. ದೀಪದ ಬಿಸಿಗೆ ಅಮೋನಿಯಾ ಮೇಲೆದ್ದು ಕೊಳವೆಗಳಲ್ಲಿ ಸುತ್ತಿ ಪೆಟ್ಟಿಗೆಯೊಳಗಿನ ಶಾಖವನ್ನು ಹೀರಿಕೊಂಡು ಮರಳಿ ಬರುತ್ತದೆ. ಬಾಯ್ಲರಿನ ಬಿಸಿ ಆಚೀಚೆ ಸೋರಿಹೋದರೆ ಆಟ ನಿಂತಿತು. ಅದಕ್ಕಾಗಿ ಬಾಯ್ಲರಿಗೆ ಒಂದು ತಗಡಿನ ಕವಚ. ಕವಚಕ್ಕೂ ಬಾಯ್ಲರಿಗೂ ನಡುವೆ ನಾಲ್ಕು ಬೆರಳಗಲದ ಸಂದು. ಆ ಸಂದಿನಲ್ಲಿ ಒತ್ತಿ ತುಂಬಿದ ಗಾಜಿನ ನಾರು. ಓದುವವರು ಆ ಸಂದನ್ನು ನೆನಪಿಟ್ಟುಕೊಂಡರೆ ಸಾಕು. ನಾನು ಜಾರಿ ಬಿದ್ದದ್ದು ಅದರೊಳಗೇ.

ಮೊದಲು ಕೆಟ್ಟದ್ದು ಪೆಟ್ಟಿಗೆಯ ಬಾಗಿಲು. ಬಾಗಿಲಿನ ಒಳಪದರ ನೆನೆದು ಕುಸಿದಿತ್ತು. ಗಿರಣಿಯಿಂದ ಒಳ್ಳೆಯ ಹತ್ತಿ ತಂದು ತುಂಬಿ ಹೊಲಿದ ಹಾಗೆ ಮುಚ್ಚಿದೆ. ತಂಪು ಒಂದಿಷ್ಟೂ ಹೊರಗೆ ಹೋಗಲಿಲ್ಲ. ಸಾಹುಕಾರರು ನಾಲ್ಕು ಜನರ ಮುಂದೆ, “ಮುಂಬಯಿಯವ್ರು ಬಂದು ಮಾಡೋ ಕೆಲ್ಸ ನಮ್ಮ ಮಿಸ್ತ್ರಿ ಮಾಡ್ಯಾನೆ ನೋಡ್ರಿ,” ಎಂದರು. ಆ ವಾಕ್ಯವನ್ನು ನಾನು ಬಹಳ ದಿನ ತಲೆಯ ಮೇಲೆ ಪೇಟದ ಹಾಗೆ ಸುತ್ತಿಕೊಂಡು ಓಡಾಡಿದೆ.

ಆಮೇಲೆ ಮೂರು ತಿಂಗಳಿಗೆ ಪೆಟ್ಟಿಗೆ ತಣ್ಣಗಾಗುವುದನ್ನೇ ನಿಲ್ಲಿಸಿತು. ಕವಚ ಬಿಚ್ಚಿದರೆ ಒಳಗೆ ಗಾಜಿನ ನಾರಿಲ್ಲ — ವ್ಯಾನು ತೊಳೆದ ನೀರು ಇಳಿದು, ತಗಡು ತುಕ್ಕು ಹಿಡಿದು, ನಾರೆಲ್ಲ ಹಳದಿ ಕೆಸರಾಗಿ ಒಂದು ಮೂಲೆಗೆ ಕೂತಿತ್ತು. ಮುಂಬಯಿಯ ಕಂಪನಿಗೆ ಬರೆದರೆ ಹೊಸ ನಾರು ಬರಲು ಒಂದು ತಿಂಗಳು. ಆದರೆ ಮುಂಗಾರಿನ ಬಿತ್ತನೆ ಶುರುವಾಗಿತ್ತು. ಹೊಲದಲ್ಲಿ ಹಾವು ಕಚ್ಚಿಸಿಕೊಂಡವರು ಬರುವ ಕಾಲ. ಹಾವಿನ ವಿಷಕ್ಕೆ ಕೊಡುವ ಸೀರಮ್ಮು ತಂಪಿನಲ್ಲೇ ಇರಬೇಕು ಎಂದು ಡಾಕ್ಟರು ಹೇಳಿದರು. “ಎರಡು ದಿನದಾಗ ಆಗ್ತೈತಾ ಮಿಸ್ತ್ರಿ?” ಎಂದರು ಸಾಹುಕಾರರು. ಆಗುವುದಿಲ್ಲ ಎನ್ನುವ ಪದ ಪೇಟ ಸುತ್ತಿಕೊಂಡವನ ಬಾಯಿಗೆ ಬರುವುದಿಲ್ಲ.

ನನ್ನ ಅಂಗಡಿಯ ಹಿಂದೆಯೇ ಹಾಜಿರಬಿಯ ಮಂಡಕ್ಕಿ ಭಟ್ಟಿ. ಗಂಡ ತೀರಿದ ಮೇಲೆ ಅವಳೇ ನಡೆಸುತ್ತಿದ್ದಳು. ದಿನವಿಡೀ ಭತ್ತದ ಹೊಟ್ಟು ಉರಿಸಿ, ಕಾದ ಮರಳಿನಲ್ಲಿ ಮಂಡಕ್ಕಿ ಹುರಿಯುವ ಹೆಂಗಸು. ಗೋಡೆಯ ಮೇಲಿಂದ ನನ್ನ ಬಿಚ್ಚಿದ ಕವಚವನ್ನು ನೋಡಿದಳು.

“ಏನ್ ತುಂಬ್ತೀ ಮಿಸ್ತ್ರಿ ಅದ್ರಾಗೆ?”

“ನೋಡ್ತಾ ಇದೀನಿ.”

“ಬೂದಿ ತುಂಬು. ಹೊಟ್ಟಿನ ಬೂದಿ. ಬಾ ಇಲ್ಲಿ.”

ಕರೆದುಕೊಂಡು ಹೋಗಿ ತೋರಿಸಿದಳು. ಭಟ್ಟಿಯ ಪಕ್ಕದ ಗುಂಡಿಯಲ್ಲಿ ನಿಗಿನಿಗಿ ಕೆಂಡ, ಅದರ ಮೇಲೆ ಒಂದು ಗೇಣು ಬಿಳಿ ಬೂದಿ. ಬೂದಿಯ ಮೇಲೆ ತನ್ನ ಅಂಗೈ ಊರಿ ನಿಂತಳು. ನನ್ನ ಕೈಯನ್ನೂ ಹಿಡಿದು ಇಡಿಸಿದಳು. ತಣ್ಣಗಿರಲಿಲ್ಲ, ಆದರೆ ಕೆಳಗೆ ಅಂಥ ಕೆಂಡವಿದೆ ಎಂದು ಯಾರೂ ಹೇಳುವ ಹಾಗಿರಲಿಲ್ಲ.

“ಬೆಳಿಗ್ಗೆ ತಂಕ ಕೆಂಡ ಹಂಗೇ ಇರ್ತೈತೆ, ಮ್ಯಾಲೆ ಬಿಸಿ ಬರಲ್ಲ. ಮತ್ತೆ ಬೂದಿ ಇನ್ನೊಂದ್ಸಲ ಸುಡಲ್ಲಪ್ಪ. ಅದರದ್ದು ಸುಡೋ ಕೆಲ್ಸ ಮುಗಿದೈತೆ.”

ಇದಕ್ಕಿಂತ ಸರಿಯಾದ ಎಂಜಿನಿಯರಿಂಗ್ ಪಾಠವನ್ನು ನನಗೆ ಯಾರೂ ಹೇಳಿರಲಿಲ್ಲ. ನಾನು ಅಂಗೈ ಒರೆಸಿಕೊಂಡು, “ನೋಡೋಣ,” ಎಂದು ಬಂದೆ. ದೊಡ್ಡ ಸಾಹುಕಾರರ ತಾಯಿಯ ಹೆಸರಿನ ಬಿಳಿ ವ್ಯಾನಿಗೆ ಬೂದಿ ತುಂಬುವುದು! ಅದೂ ಮಂಡಕ್ಕಿ ಹುರಿಯುವವಳ ಮಾತು ಕೇಳಿ! ನಾಳೆ ಯಾರಾದರೂ ‘ಈ ಉಪಾಯ ಯಾರದು’ ಎಂದು ಕೇಳಿದರೆ —

ಹತ್ತಿ ಕೈಗೆ ಹತ್ತಿರವಿತ್ತು. ಈ ಊರಿನಲ್ಲಿ ಹುಟ್ಟಿ ಬೆಳೆದ ಮಿಸ್ತ್ರಿಯ ಕೈಗೆ ಯಾವ ತೂತು ಕಂಡರೂ ಹತ್ತಿಯೇ ನೆನಪಾಗುತ್ತದೆ. ಎಣ್ಣೆ ಒರೆಸಲು ಹತ್ತಿ, ನೀರು ಸೋರಿದರೆ ಹತ್ತಿ, ನಲ್ಲಿಯ ತಿರುಪಿಗೆ ಹತ್ತಿ, ಕಿವಿನೋವಿಗೆ ಹತ್ತಿ. ಗಿರಣಿಯ ಬಾಗಿಲಲ್ಲಿ ಉದುರು ಹತ್ತಿ ಮೂಟೆಗಟ್ಟಲೆ ಬಿದ್ದಿರುತ್ತಿತ್ತು. ಮೇಲಾಗಿ ನನ್ನ ಹತ್ತಿರ ಒಂದು ತರ್ಕವಿತ್ತು, ಅದು ನನಗೆ ಬಹಳ ಚಂದ ಕಂಡಿತು: ಬಾಗಿಲಿನಲ್ಲಿ ತಂಪನ್ನು ಹಿಡಿದಿಟ್ಟ ಹತ್ತಿ ಬಾಯ್ಲರಿನಲ್ಲಿ ಬಿಸಿಯನ್ನೂ ಹಿಡಿದಿಡುತ್ತದೆ. ಹಿಡಿದಿಡುತ್ತದೆ, ನಿಜ. ಹಿಡಿದಿಟ್ಟುಕೊಂಡು ಹತ್ತಿಯ ಗತಿ ಏನಾಗುತ್ತದೆ ಎಂಬ ಪ್ರಶ್ನೆಯನ್ನು ನಾನು ಕೇಳಿಕೊಳ್ಳಲಿಲ್ಲ. ಜ್ವಾಲೆ ಮುಟ್ಟುವುದಿಲ್ಲವಲ್ಲ, ನಡುವೆ ಕಬ್ಬಿಣವಿದೆಯಲ್ಲ — ಇಷ್ಟಕ್ಕೆ ನನ್ನ ಬುದ್ಧಿ ಕೂತುಬಿಟ್ಟಿತು. ಸಕಲ ಅಗ್ನಿಯಂತ್ರಗಳ ಚಿಕಿತ್ಸಕ.

ಒತ್ತಿ ಒತ್ತಿ ತುಂಬಿದೆ. ಕವಚ ಮುಚ್ಚಿದೆ. ದೀಪ ಹಚ್ಚಿ ಕಾದು ಕೂತೆ. ಸಂಜೆಯೊಳಗೆ ಬಟ್ಟಲಿನ ನೀರು ಗಟ್ಟಿಯಾಯಿತು. ಹಿಂದೆಂದೂ ಅಷ್ಟು ಬೇಗ ಆಗಿರಲಿಲ್ಲ. ನಾನು ಆ ಗಡ್ಡೆಯನ್ನು ಸಾಹುಕಾರರ ಅಂಗಳಕ್ಕೆ ತಟ್ಟೆಯಲ್ಲಿಟ್ಟುಕೊಂಡು ಹೋದೆ, ನೈವೇದ್ಯದ ಹಾಗೆ.

ಒಂದು ವಾರ ಕಳೆದ ಮೇಲೆ, ಒಂದು ಭಾನುವಾರ ರುದ್ರಪ್ಪ ಅಂಗಡಿಗೆ ಬಂದ. ನಿಂತೇ ಮಾತಾಡಿದ.

“ಮಿಸ್ತ್ರಿ, ಪೆಟ್ಟಿಗೆ ಹಿಂದ್ಲಿಂದ ಸುಟ್ಟ ಬಟ್ಟೆ ವಾಸ್ನೆ ಬರ್ತೈತ್ರಿ.”

ಇದು ನನಗೆ ಸಿಕ್ಕ ಬಾಗಿಲು. ತೆರೆದೇ ಇತ್ತು. ಸುಟ್ಟ ಬಟ್ಟೆ ಎಂದ ತಕ್ಷಣ ನನಗೆ ಹತ್ತಿ ನೆನಪಾಯಿತು — ಗೊತ್ತಾಗಲಿಲ್ಲ ಎಂದು ಬರೆಯುವ ಹಕ್ಕು ನನಗಿಲ್ಲ. ಎದ್ದು ಹೋಗಿ ಆರು ಸ್ಕ್ರೂ ಬಿಚ್ಚಿ ನೋಡಿದ್ದರೆ ಸಾಕಿತ್ತು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು ಕೂತಿದ್ದರು. ಗೋಡೆಯಾಚೆ ಹಾಜಿರಬಿ ಇದ್ದಳು.

“ಹೊಸದಲ್ವಾ, ಹಂಗೇ ಬರ್ತೈತೆ,” ಎಂದೆ. “ಬತ್ತಿ ಏರ್ಸಿರ್ತೀರಿ. ಸಣ್ಣಗೆ ಇಡ್ರಿ.”

“ಸಣ್ಣಗೇ ಇಟ್ಟೀನ್ರಿ.”

“ವ್ಯಾನು ಕುಲುಕಿದ್ರೆ ಏರ್ತೈತೆ. ನೋಡ್ಕಂತಾ ಇರ್ರಿ.”

“ಆಗ್ಲಿ ಬಿಡ್ರಿ, ನೀವು ಹೇಳಿದ್ಮ್ಯಾಲೆ,” ಎಂದು ಹೋದ.

ಅವನು ಬಂದದ್ದು ನನ್ನ ತಪ್ಪನ್ನು ತೋರಿಸಲು. ಹೋಗುವಾಗ ತನ್ನ ತಪ್ಪೊಂದನ್ನು ಹೊತ್ತುಕೊಂಡು ಹೋದ. ಇಷ್ಟು ಸಲೀಸಾಗಿ ಆಗುತ್ತದೆ ಇದು.

ಬಂದ ಗುರುವಾರ ಹರಿಹರದಿಂದ ವ್ಯಾನಿನ ಡ್ರೈವರು ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದಾಗ ಮಧ್ಯಾಹ್ನದ ಊಟದ ಹೊತ್ತು. ಅವನ ಮುಖಕ್ಕೆಲ್ಲ ಮಸಿ.

“ವ್ಯಾನು ಸುಟ್ಟೋತ್ರಿ. ಅರ್ಧ ಉಳಿದೈತೆ. ರುದ್ರಪ್ಪನ ಕೈ ಹೋತ್ರಿ.”

ನಡೆದದ್ದು ಹೀಗೆ. ವ್ಯಾನನ್ನು ಸೇತುವೆಯ ಹತ್ತಿರ ಹೊಳೆದಂಡೆಯಲ್ಲಿ ನಿಲ್ಲಿಸಿದ್ದರು. ಡಾಕ್ಟರು ಹೊರಗೆ ಮರದ ಕೆಳಗೆ ರೋಗಿಗಳನ್ನು ನೋಡುತ್ತಿದ್ದರು. ಪೆಟ್ಟಿಗೆಯ ಹಿಂದಿನಿಂದ ಮೊದಲು ಹೊಗೆ, ಆಮೇಲೆ ಭುಗ್ ಎಂದು ಬೆಂಕಿ. ಅದು ಕೆಳಗಿನ ಎಣ್ಣೆಯ ತೊಟ್ಟಿಗೂ ತಗುಲಿತು. ಎಲ್ಲರೂ ಹಿಂದೆ ಸರಿದರು. ರುದ್ರಪ್ಪ ಒಳಗೆ ಹೋದ. ಪೆಟ್ಟಿಗೆಯಲ್ಲಿ ಸೀರಮ್ಮಿನ ಶೀಷೆಗಳಿದ್ದವು. ಬಾಗಿಲಿನ ಹಿಡಿ ಕಾದು ಕೆಂಪಾಗಿತ್ತಂತೆ. ಅದನ್ನು ಬರಿಗೈಯಲ್ಲಿ ಹಿಡಿದು ಎಳೆದು, ಶೀಷೆಗಳನ್ನು ಎರಡೂ ಕೈಯಲ್ಲಿ ಬಾಚಿಕೊಂಡು ಹೊರಗೆ ಬಂದು, ಒಂದನ್ನೂ ಒಡೆಯದೆ ಮರಳಿನ ಮೇಲಿಟ್ಟು, ಆಮೇಲೆ ಕೂತನಂತೆ.

ನಾನು ಹೋಗುವಷ್ಟರಲ್ಲಿ ಅವನನ್ನು ಆಸ್ಪತ್ರೆಗೆ ಸಾಗಿಸಿದ್ದರು. ಜನ ನೀರು ಹೊಯ್ದು ಆರಿಸಿದ್ದರು. “ಮಿಸ್ತ್ರಿ ಬಂದ, ಜಾಗ ಬಿಡ್ರಿ,” ಎಂದು ಯಾರೋ ಎಲ್ಲರನ್ನೂ ದೂರ ಕಳಿಸಿದರು. ನನ್ನ ಮೇಲೆ ಅಷ್ಟು ಮರ್ಯಾದೆ. ಆ ಮರ್ಯಾದೆಯ ಮರೆಯಲ್ಲಿ, ಒಬ್ಬನೇ ವ್ಯಾನಿನ ಹಿಂಬದಿ ಹತ್ತಿ, ಸೊಟ್ಟಗಾದ ಕವಚ ಬಿಚ್ಚಿದೆ.

ಹತ್ತಿ ಅಲ್ಲೇ ಇತ್ತು. ಹೊರಗಡೆಗೆ ಇದ್ದಿಲು. ಬೆರಳಿನಿಂದ ಸೀಳಿದರೆ ಒಳಗೆ, ಅಷ್ಟು ನೀರು ಹೊಯ್ದ ಮೇಲೂ, ಒಂದು ಕೆಂಪು ಕಣ್ಣು. ನನ್ನನ್ನೇ ನೋಡುತ್ತಿತ್ತು. ಎಷ್ಟು ದಿನದಿಂದ ಒಳಗೊಳಗೇ ಹೀಗೆ ಬೇಯುತ್ತಿತ್ತೋ — ಭಾನುವಾರ ರುದ್ರಪ್ಪನ ಮೂಗಿಗೆ ಬಡಿದದ್ದು ಇದೇ. ದೀಪದ ಬತ್ತಿಯನ್ನೂ ನೋಡಿದೆ. ಸುಟ್ಟ ಬರ್ನರಿನಲ್ಲಿ ಅದನ್ನು ಏರಿಸುವ ತಿರುಪು ಇದ್ದಲ್ಲೇ ಬೆಸೆದುಕೊಂಡಿತ್ತು: ಎಲ್ಲಕ್ಕಿಂತ ಕೆಳಗಿನ ಅಳತೆಯಲ್ಲಿ. ನಾನು ಹೇಳಿದ ಹಾಗೆಯೇ ಸಣ್ಣಗೆ ಇಟ್ಟಿದ್ದ.

ಸಾಕ್ಷಿ ಎರಡಿದ್ದವು. ಬರ್ನರನ್ನು ಕೈಚೀಲಕ್ಕೆ ಹಾಕಿಕೊಂಡೆ. ಹತ್ತಿಯನ್ನು ನನ್ನ ಟವೆಲಿನಲ್ಲಿ ಗಂಟುಕಟ್ಟಿ ಹೊಳೆಗೆ ಇಳಿದೆ. ಬಟ್ಟೆ ಒಗೆಯುತ್ತಿದ್ದ ಒಬ್ಬ ಹೆಂಗಸು ತಲೆಯೆತ್ತಿ, “ಏನ್ರಿ ಅದು?” ಎಂದಳು.

“ಬೂದಿ,” ಎಂದೆ.

ಜನ ಆ ಹೊಳೆಗೆ ಬೂದಿ ಬಿಡಲು ಬರುವುದು ಹೊಸದಲ್ಲ. ಅವಳು ಮರ್ಯಾದೆಯಿಂದ ತನ್ನ ಬಟ್ಟೆಯನ್ನು ಪಕ್ಕಕ್ಕೆ ಎಳೆದುಕೊಂಡು ಜಾಗ ಬಿಟ್ಟಳು. ನೀರಿಗೆ ಬಿಟ್ಟಾಗ ಅದು ಚೊಂಯ್ ಎಂದಿತು. ಅವಳು ನನ್ನ ಮುಖ ನೋಡಿದಳು. ಬೂದಿ ಚೊಂಯ್ ಎನ್ನುವುದಿಲ್ಲ.

ಹದಿನೈದು ದಿನದ ಮೇಲೆ ಸಾಹುಕಾರರ ಪಡಸಾಲೆಯಲ್ಲಿ ವಿಚಾರಣೆ. ಬೆಳಗಿನ ಬಿಸಿಲು ಇನ್ನೂ ಅಂಗಳ ಮುಟ್ಟಿರಲಿಲ್ಲ. ರುದ್ರಪ್ಪ ಮೊಣಕೈಯವರೆಗೆ ಬ್ಯಾಂಡೇಜು ಸುತ್ತಿದ ಎರಡು ಕೈಗಳನ್ನು ಮಡಿಲಿನಲ್ಲಿ ಇಟ್ಟುಕೊಂಡು ಕಂಬಕ್ಕೆ ಒರಗಿದ್ದ, ಯಾರದೋ ಎರಡು ಕೂಸುಗಳನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿರು ಎಂದು ಕೊಟ್ಟುಹೋದ ಹಾಗೆ.

“ಮಿಸ್ತ್ರಿ, ನೀನು ಹೇಳು,” ಎಂದರು ಸಾಹುಕಾರರು. “ಹೆಂಗಾತು ಇದು?”

ಹೇಳಬಹುದಿತ್ತು. ಗಂಟಲಿನವರೆಗೆ ಬಂದಿತ್ತು ಎಂದರೆ ನಂಬುತ್ತೀರಾ — ನಂಬಬೇಡಿ, ಬಂದಿರಲಿಲ್ಲ. ನಾನು ಹಿಂದಿನ ದಿನವೇ ಏನು ಹೇಳಬೇಕೆಂದು ಗೊತ್ತುಮಾಡಿಕೊಂಡು ಬಂದಿದ್ದೆ. ಸುಳ್ಳಾಗದಂಥ ಒಂದು ವಾಕ್ಯ ಹುಡುಕಿದ್ದೆ. ಸುಳ್ಳು ಹೇಳಿದೆ ಎಂದು ನಾಳೆ ದೇವರೂ ಅನ್ನಬಾರದು, ಅಂಥದ್ದು.

“ಬತ್ತಿ ಏರಿದ್ರೆ ಹಿಂಗಾಗ್ತೈತ್ರಿ,” ಎಂದೆ.

ನಿಜವೇ. ಬತ್ತಿ ಏರಿದರೆ ಹಾಗಾಗುತ್ತದೆ. ಈ ಬತ್ತಿ ಏರಿತ್ತು ಎಂದು ನಾನು ಹೇಳಲೇ ಇಲ್ಲ. ಕಟಕಟೆಯಲ್ಲಿ ನಿಲ್ಲಿಸಿದರೂ ನನ್ನ ವಾಕ್ಯ ಗೆಲ್ಲುತ್ತಿತ್ತು.

ಎಲ್ಲರೂ ರುದ್ರಪ್ಪನ ಕಡೆ ತಿರುಗಿದರು. ತಪ್ಪಿಸಿಕೊಳ್ಳಲು ಯೋಚಿಸುವವನ ಮುಖವಲ್ಲ ಅದು. ನೆನಪಿನಲ್ಲಿ ಕೈಹಾಕಿ ಏನನ್ನೋ ಹುಡುಕುವವನ ಮುಖ.

“ಸಣ್ಣ ಮಾಡಿದ್ದೆ ಅನ್ಸ್ತೈತ್ರಿ,” ಎಂದ. “ಮಿಸ್ತ್ರಿ ಮುಂಚೇನೇ ಹೇಳಿದ್ರು, ಕುಲುಕಿದ್ರೆ ಏರ್ತೈತೆ, ನೋಡ್ಕಂತಾ ಇರು ಅಂತ. ಅವತ್ತು ನೋಡಿದ್ನೋ ಇಲ್ಲೋ... ಆಣೆ ಮಾಡಿ ಹೇಳಾಕೆ ಬರಲ್ರಿ. ನೋಡಿಲ್ಲ ಅಂತ ಕಾಣ್ತೈತೆ. ನಂದೇ ತಪ್ಪು.”

ಬರ್ನರು ನನ್ನ ಅಂಗಡಿಯ ಕಪಾಟಿನಲ್ಲಿ ಇತ್ತು. ತಿರುಪು ಕೆಳಗಿನ ಅಳತೆಯಲ್ಲಿ.

ಅವನನ್ನು ಕೆಲಸದಿಂದ ತೆಗೆದರು. ಬೈಯಲಿಲ್ಲ, ಸಾಹುಕಾರರು ಸಭ್ಯರು. ಎದ್ದು ಹೋಗುವಾಗ ರುದ್ರಪ್ಪ ನನ್ನ ಹತ್ತಿರ ನಿಂತ. ನಾನು ಏನನ್ನು ನಿರೀಕ್ಷಿಸಿದ್ದೆನೋ ಗೊತ್ತಿಲ್ಲ.

“ನೀವು ಅಷ್ಟು ಚಂದ ರಿಪೇರಿ ಮಾಡಿದ್ರಿ, ನಾನು ಹಾಳು ಮಾಡ್ಬಿಟ್ಟೆ ನೋಡ್ರಿ,” ಎಂದ. “ಮನ್ಸಿಗೆ ಹಚ್ಕೊಬ್ಯಾಡ್ರಿ ಮಿಸ್ತ್ರಿ.”

ಪೆಟ್ಟಿಗೆಯ ಬಾಯ್ಲರು, ಕೊಳವೆಗಳು ಉಳಿದಿದ್ದವು. ಮತ್ತೆ ರಿಪೇರಿಗೆ ನನ್ನ ಬಳಿಗೇ ಬಂತು. ಇನ್ನಾರ ಬಳಿಗೆ ಹೋದೀತು? ಈ ಸಲ ನಾನು ಜರಡಿ ಹಿಡಿದುಕೊಂಡು ಹಾಜಿರಬಿಯ ಭಟ್ಟಿಗೆ ಹೋದೆ. ಅವಳು ಹುರಿಯುವುದನ್ನು ನಿಲ್ಲಿಸಲಿಲ್ಲ.

“ಈಗ ಬೇಕಾತಾ ಬೂದಿ?”

ನಾನು ಗುಂಡಿಯ ಪಕ್ಕ ಕೂತು ಜರಡಿ ಕೆಳಗಿಟ್ಟೆ.

“ಬೆಳ್ಳಗೆ ಬೆಂದಿದ್ದು ತಗೋ. ಕರೇ ಹೊಟ್ಟು ಒಂದು ಉಳಿದ್ರೂ ಅದು ಮತ್ತೆ ಹತ್ಕಂತೈತೆ. ತಗಡಿನ ಅಂಚಿಗೆ ಜೇಡಿಮಣ್ಣು ಮೆತ್ತು, ಇಲ್ಲಂದ್ರೆ ವ್ಯಾನು ಕುಲುಕಿ ಉದುರ್ತೈತೆ.” ಆಮೇಲೆ, ಮರಳಿನ ಕಡೆಗೇ ನೋಡುತ್ತ, “ಆ ಕಂಪೌಂಡರು ಒಳ್ಳೇ ಮನುಷ್ಯ ಮಿಸ್ತ್ರಿ. ನನ್ನ ಮಗಳಿಗೆ ಸೂಜಿ ಹಾಕಿದ್ದ,” ಎಂದಳು. ಅಷ್ಟೇ. ಗೋಡೆಯಾಚೆಯಿಂದ ಹತ್ತಿಯನ್ನೂ ನೋಡಿದ್ದಳು, ರುದ್ರಪ್ಪ ಹೇಳಿದ್ದನ್ನೂ ಕೇಳಿದ್ದಳು; ಅವಳಿಗೆ ಎಲ್ಲಾ ತಿಳಿದಿತ್ತು. ಅವಳ ಮಾತನ್ನು ಯಾರು ಕೇಳುತ್ತಾರೆ ಎಂಬುದೂ ತಿಳಿದಿತ್ತು, ನಾನೇ ಕೇಳಿರಲಿಲ್ಲವಲ್ಲ.

ಆ ಬೂದಿಯ ಪೆಟ್ಟಿಗೆ ಇಂದಿಗೂ ನಡೆಯುತ್ತಿದೆ. ಹೊಸ ವ್ಯಾನಿನಲ್ಲಿದೆ. ನೋಡಲು ಬಂದ ಒಬ್ಬ ಎಂಜಿನಿಯರು ‘ಎಂಥ ಸ್ವದೇಶಿ ಉಪಾಯ’ ಎಂದು ನನ್ನ ಬೆನ್ನು ತಟ್ಟಿ ಹೋದರು. ನನಗೊಂದು ಶಾಲು ಹೊದಿಸಿದರು. ಹೊದ್ದುಕೊಂಡೆ. ಉಪಾಯ ಯಾರದು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕುಲುಕಾಟಕ್ಕೆ ಬೂದಿ ಕುಸಿಯುತ್ತದೆ. ತಿಂಗಳಿಗೊಮ್ಮೆ ಮೇಲಿನಿಂದ ತುಂಬಬೇಕು. ತಿಂಗಳಿಗೊಮ್ಮೆ ಆ ನಾಲ್ಕು ಬೆರಳಗಲದ ಸಂದಿನಲ್ಲಿ ಕೈಹಾಕುತ್ತೇನೆ.

ರುದ್ರಪ್ಪನ ಮನೆ ನಮ್ಮೂರಿನ ನಿಟ್ಟುವಳ್ಳಿಯಲ್ಲಿದೆ. ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ವಾಸಿಯಾದವು. ಸೂಜಿ ಹಿಡಿಯುವುದಿರಲಿ, ಅಂಗಿಯ ಗುಂಡಿ ಹಾಕಿಕೊಳ್ಳಲೂ ಬರುವುದಿಲ್ಲ. ಶಾಲೆಯೊಂದರಲ್ಲಿ ಗಂಟೆ ಹೊಡೆಯುತ್ತಾನೆ. ಸುತ್ತಿಗೆಯನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು. ನಾನು ಆಗಾಗ ಹೋಗುತ್ತೇನೆ. ಹೋಗದೆ ಇರಲು ಆಗುವುದಿಲ್ಲ, ಹೋಗಿ ಹೇಳಲೂ ಆಗುವುದಿಲ್ಲ. ಅವನಿಗೆ ಸಂತೋಷ. “ಮಿಸ್ತ್ರಿ ಬಂದಾರೆ, ಚಾ ಇಡೇ,” ಎಂದು ಹೆಂಡತಿಗೆ ಹೇಳುತ್ತಾನೆ.

ಅವರ ಮನೆಯಲ್ಲಿ ಬತ್ತಿಯ ಸ್ಟೋವು. ಆಕೆ ಹಚ್ಚುತ್ತಾಳೆ. ಆಗ ರುದ್ರಪ್ಪ ಎದ್ದು ಹೋಗಿ, ಬಗ್ಗಿ ನೋಡಿ, ತನ್ನ ಮುಷ್ಟಿಯ ಬದಿಯಿಂದ ತಿರುಪನ್ನು ತಳ್ಳಿ, ಬತ್ತಿಯನ್ನು ಇಳಿಸುತ್ತಾನೆ. ಇನ್ನೂ ಇಳಿಸುತ್ತಾನೆ. ಒಂದು ನೀಲಿ ಗೆರೆಯಷ್ಟು ಉಳಿಯುವವರೆಗೆ. ಹನ್ನೆರಡು ವರ್ಷದಿಂದ ಆ ಮನೆಯಲ್ಲಿ ಬೆಂಕಿ ಅದಕ್ಕಿಂತ ಮೇಲೆ ಎದ್ದಿಲ್ಲ.

“ಅನ್ನ ಆಗೋವಷ್ಟರಾಗೆ ಹಸಿವು ಹೋಗಿರ್ತೈತ್ರಿ ನಮ್ಮನ್ಯಾಗೆ,” ಎಂದು ಆಕೆ ನಗುತ್ತಾಳೆ. “ಇವ್ರಿಗೆ ಹೇಳ್ರಿ ಮಿಸ್ತ್ರಿ, ನೀವು ಹೇಳಿದ್ರೆ ಕೇಳ್ತಾರೆ.”

“ಏರಿದ್ರೆ ಏನಾಗ್ತೈತೆ ಅಂತ ಮಿಸ್ತ್ರಿಗೆ ಗೊತ್ತೈತೆ ಬಿಡು,” ಎನ್ನುತ್ತಾನೆ ಅವನು.

ಚಾ ಆಗಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತೂ ಅವನು ಮಳೆಯ ಮಾತು, ಶಾಲೆಯ ಮಾತು ಆಡುತ್ತಾನೆ. ನಾನು ಆ ನೀಲಿ ಗೆರೆಯನ್ನು ನೋಡುತ್ತ ಕೂತಿರುತ್ತೇನೆ. ಕೆಲಸ ಕಳೆದದ್ದು, ಕೈ ಹೋದದ್ದು — ಅವನ್ನು ನಾನು ಕೊಡಲಾರೆ, ಕ್ಷಮೆ ಕೇಳುವ ಮುಖವೂ ಇಲ್ಲ. ಆದರೆ ತನ್ನ ಕೈಯ ಮೇಲೆ ತನಗೇ ನಂಬಿಕೆಯಿಲ್ಲದ ಹಾಗೆ ಅವನನ್ನು ಮಾಡಿದೆನಲ್ಲ, ಅದನ್ನು ಅವನಿಗೆ ಮರಳಿ ಕೊಡಬಲ್ಲವನು ನಾನೊಬ್ಬನೇ. ಕೊಟ್ಟಿಲ್ಲ.

ಬರ್ನರು ಈಗ ನನ್ನ ಮುಂದೆ ಮೇಜಿನ ಮೇಲಿದೆ. ಒರೆಸಿಲ್ಲ, ಎಣ್ಣೆ ಹಾಕಿಲ್ಲ. ತಿರುಪು ಎಲ್ಲಿ ಬೆಸೆದಿತ್ತೋ ಅಲ್ಲೇ ಇದೆ. ಇವತ್ತು ಭಾನುವಾರ, ಶಾಲೆಯಿಲ್ಲ, ಅವನು ಮನೆಯಲ್ಲಿರುತ್ತಾನೆ. ಇದನ್ನು ಟವೆಲಿನಲ್ಲಿ ಕಟ್ಟಿಕೊಂಡು ಹೊರಡುತ್ತಿದ್ದೇನೆ. ಅವನ ಮಡಿಲಿನಲ್ಲಿ ಇಟ್ಟು, ನೀರು ಕುದಿಯುವ ಮೊದಲೇ ಹೇಳಿ ಮುಗಿಸಬೇಕು. ಆ ಮನೆಯಲ್ಲಿ ಅದಕ್ಕೆ ಬೇಕಾದಷ್ಟು ಹೊತ್ತಿದೆ.